ಕರಡಿಗೆ ಊಟ ಹಾಕುವ ಕೆಲಸ

ಮುಂಗಾರಿನ ಮೊದಲ ಮಳೆ ಬಿದ್ದರೆ ನಮಗೆ ಕೆಲಸ, ಚಳಿ ಕಳೆದರೆ ಮನೆ. ಸಂಬಳವೂ ಅಷ್ಟೇ ತಿಂಗಳದ್ದು. ಏನು ಕೆಲಸ ಅಂತ ಯಾರಾದರೂ ಕೇಳಿದರೆ ನಮ್ಮ ಹೊಸಪೇಟೆ ಆಫೀಸಿನ ಸಾಹೇಬರು ಗಂಟಲು ಸರಿಮಾಡಿಕೊಂಡು ‘ಕುರುಚಲು ಕಾಡಿನ ಆವಾಸಸ್ಥಾನ ಪುನಶ್ಚೇತನ’ ಅನ್ನುತ್ತಿದ್ದರು. ನಾನು ‘ಕರಡಿಗೆ ಊಟ ಹಾಕೋದು’ ಅನ್ನುತ್ತಿದ್ದೆ. ಎರಡೂ ಒಂದೇ, ನನ್ನದು ಜನಕ್ಕೆ ತಿಳಿಯುತ್ತಿತ್ತು.

ಹೊಸಪೇಟೆಗೂ ಕಂಪ್ಲಿಗೂ ನಡುವಿನ ಬಂಡೆಗುಡ್ಡಗಳನ್ನು ಬಳ್ಳಾರಿ ಜಾಲಿ ನುಂಗಿಬಿಟ್ಟಿದೆ. ಎಲ್ಲಿಂದಲೋ ಬಂದ ಮುಳ್ಳು, ಹೆಸರು ಮಾತ್ರ ನಮ್ಮದು ಇಟ್ಟುಕೊಂಡು ಮೆರೆಯುತ್ತದೆ. ಅದನ್ನು ಬುಡಸಮೇತ ಕೀಳಿಸಿ, ಆ ಜಾಗದಲ್ಲಿ ಕಾರೆ, ಕವಳೆ, ಜಾನೆಯಂಥ ಕಾಡುಹಣ್ಣಿನ ಗಿಡ ನೆಡಬೇಕು. ಮರುವರ್ಷ ಹೋಗಿ ಎಷ್ಟು ಬದುಕಿವೆ ನೋಡಬೇಕು. ಕರಡಿಯ ಹಿಕ್ಕೆ ಸಿಕ್ಕರೆ ಕಡ್ಡಿಯಿಂದ ಕೆದಕಿ, ಯಾವ ಹಣ್ಣಿನ ಬೀಜ ಇದೆ ಅಂತ ಗುರುತಿಸಬೇಕು. ಎಂಎಸ್ಸಿ ಮಾಡಿ ಹೇಲು ಕೆದಕುವ ಮಗಳನ್ನು ಹೆತ್ತೆನಲ್ಲಾ ಅಂತ ನಮ್ಮವ್ವ ಹಣೆ ಹಣೆ ಚಚ್ಚಿಕೊಂಡಳು. ಚಚ್ಚಿಕೊಳ್ಳಲಿ. ನನಗಂತೂ ಆ ಕೆಲಸ ಭಾರಿ ಇಷ್ಟವಿತ್ತು.

ನಮ್ಮ ಜೀಪಿನ ಡ್ರೈವರಣ್ಣನಿಗೆ ಎಡಗಿವಿ ಇರಲಿಲ್ಲ. ಆ ಕಡೆಯ ಕೆನ್ನೆ ಒರಟಾಗಿ ಹೊಲಿದ ಗೋಣಿಚೀಲದ ಹಾಗೆ ಎಳೆದುಕೊಂಡಿತ್ತು. ಹರೆಯದಲ್ಲಿ ಗುಡ್ಡಕ್ಕೆ ಸೀತಾಫಲ ಕೀಳಲು ಹೋದಾಗ ಕರಡಿ ಮಾಡಿದ ಕೆಲಸ ಅದು. ಕೇಳಿದವರಿಗೆಲ್ಲ ಒಂದೇ ಧಾಟಿಯಲ್ಲಿ ಹೇಳುತ್ತಿದ್ದ: “ನಾನೂ ಅದ ಗಿಡಕ್ಕ ಕೈ ಹಾಕಿದ್ನಿರಿ, ಅದೂ ಹಾಕ್ತು. ಹಣ್ಣು ಅದಕ ಸಿಕ್ತು.”

ಅಂದಿನಿಂದ ಅಣ್ಣ ಗುಡ್ಡದ ಮೇಲೆ ಕಾಲೂರಿದವನಲ್ಲ. ಜೀಪು ಎಲ್ಲಿಗೆ ಹೋಗುತ್ತದೋ ಅಲ್ಲಿಗೆ ಬರುತ್ತಿದ್ದ, ಇಳಿಯುತ್ತಿರಲಿಲ್ಲ. ಜಾಲಿಮುಳ್ಳು ಚುಚ್ಚಿ ಟೈರು ಪಂಕ್ಚರಾದರೆ ನಾನೂ ಕೂಲಿಗೆ ಬರುವ ಹೆಂಗಸರೂ ಸೇರಿ ಜಾಕು ಏರಿಸಬೇಕು. ಆ ಏರಿದ ಜೀಪಿನೊಳಗೆ ಈ ಮಹಾರಾಜ ಕಿಟಕಿಯ ಗಾಜು ಏರಿಸಿಕೊಂಡು ಕೂತು, ಬೋಲ್ಟು ಹೇಗೆ ಬಿಗಿಯಬೇಕೆಂದು ಸನ್ನೆಯಲ್ಲಿ ಪಾಠ ಮಾಡುತ್ತಿದ್ದ. ಮೈಯೆಲ್ಲಾ ಉರಿದುಹೋಗುತ್ತಿತ್ತು ನನಗೆ.

“ಅಣ್ಣಾ, ಇಳೀರಿ. ಹಗಲೊತ್ತಿನ್ಯಾಗ ಅದು ಗವಿಯೊಳಗ ಮಕ್ಕೊಂಡಿರ್ತೈತಿ” ಅಂದರೆ, “ನಿಮಗ ಹೇಳಿ ಮಕ್ಕೊಂಡೈತೇನ್ರಿ?” ಅನ್ನುತ್ತಿದ್ದ. ಮತ್ತೆ ತನಗೆ ತಾನೇ ಬೈದುಕೊಳ್ಳುತ್ತಿದ್ದ. “ನನ್ನ ಕಿವಿ ತಿಂದ ನನ್ಮಗಂದಕ್ಕ ನೀವು ಹಣ್ಣಿನ ತ್ವಾಟ ಹಾಕಾಕತ್ತೀರಿ, ನಾ ಅದಕ ಗಾಡಿ ಹೊಡ್ಯಾಕತ್ತೀನಿ. ನನ್ನಂಥ ಮಬ್ಬ ಈ ತಾಲೂಕಿನ್ಯಾಗ ಇನ್ನೊಬ್ಬ ಇಲ್ಲ ಬಿಡ್ರಿ.”

ಮಬ್ಬನೇನೂ ಅಲ್ಲ. ಅವನಿಗೊಂದು ಲೆಕ್ಕಾಚಾರವಿತ್ತು, ಆ ಲೆಕ್ಕಾಚಾರದ ಹೆಸರು ಹೆಂಡತಿ. ಅವರ ಊರು ಗುಡ್ಡದ ಬುಡದಲ್ಲೇ ಇದೆ. ಮಳೆಗಾಲ ಮುಗಿಯುತ್ತಾ ಬಂದಾಗ, ನಾವು ಗಿಡ ನೆಡುವ ಕಾದಿಟ್ಟ ಕಾಡಿನ ಗೆರೆಯ ಹೊರಗೆ, ಕೆಳಗುಡ್ಡದಲ್ಲಿ ಸೀತಾಫಲ ಕಣ್ಣು ಬಿಡುತ್ತದೆ. ಎಂದರೆ, ಕಾಯಿಯ ಮೈಮೇಲಿನ ಗೆರೆಗಳು ಅಗಲಾಗಿ ಬೆಳ್ಳಗಾಗುತ್ತವೆ, ಕೀಳಬಹುದು. ಮಂಗ, ಕರಡಿ ಮತ್ತು ಪಕ್ಕದ ಮನೆಯವರು ಏಳುವ ಮೊದಲು ಅವನ ಹೆಂಡತಿ, ನಮಗೆಲ್ಲಾ ಅಕ್ಕ, ಬುಟ್ಟಿ ಹೊತ್ತು ಒಬ್ಬಳೇ ಹತ್ತುತ್ತಿದ್ದಳು. ಹೋಗಬೇಡ ಅಂತ ಅಣ್ಣ ವರ್ಷಗಟ್ಟಲೆ ಹೇಳಿ ಸೋತಿದ್ದ. ಕೊನೆಗೆ ನಮ್ಮ ಗಿಡಗಳ ಮೇಲೆ ಜೀವ ಇಟ್ಟುಕೊಂಡ. “ಮ್ಯಾಲ ಒಳಗಾ ಹೊಟ್ಟಿ ತುಂಬಿದ್ರ ಅದು ಕೆಳಗ ಯಾಕ ಇಳೀತೈತಿ, ಹೌದಲ್ರಿ?” ಅಂತ ನನ್ನನ್ನು ಕೇಳುತ್ತಿದ್ದ. ಹೌದು ಅನ್ನುತ್ತಿದ್ದೆ. ಸಾಹೇಬರ ಯೋಜನೆಯಲ್ಲಿ ಬರೆದದ್ದೂ ಅದನ್ನೇ, ಇಷ್ಟು ಚೆಂದಾಗಿ ಅಲ್ಲ.

ಹಾಗಾಗಿ ಪ್ರತಿ ಸಂಜೆ ನಾವು ಬೆವರು ಸುರಿಸಿಕೊಂಡು ಜೀಪಿಗೆ ಮರಳಿದಾಗ ಅವನದು ಒಂದೇ ಪ್ರಶ್ನೆ: “ತಿಂದೈತೇನ್ರಿ?”

ಮೂರನೆಯ ವರ್ಷ ಜಾನೆ ಹಣ್ಣು ಬಿಟ್ಟಿತು. ಸಾಹೇಬರು ಓಡಿ ಬಂದು ಗಿಡದ ಪಕ್ಕ ನಿಂತು, ತಾವೇ ಹೆತ್ತಂತೆ ಫೋಟೋ ತೆಗೆಸಿಕೊಂಡರು. ಅದಾದ ವಾರದೊಳಗೆ, ನಮ್ಮ ಗಿಡಗಳ ನಟ್ಟನಡುವೆ ನನಗೊಂದು ಹಿಕ್ಕೆ ಕಂಡಿತು. ದೊಡ್ಡದು, ತಾಜಾ, ಇನ್ನೂ ಹಸಿ. ಖುಷಿಗೆ ನಾನು ಕೇಕೆ ಹಾಕಿದೆ. “ಅಣ್ಣಾ, ಬಂದೈತಿ! ಮಸ್ತ್ ಹೇತೈತಿ!”

ಜೀಪಿನ ಬಾಗಿಲು ತೆರೆದ ಸದ್ದಾಯಿತು. ಅಣ್ಣ ಇಳಿದಿದ್ದ! ಒಂದು ಹೆಜ್ಜೆ ಇಟ್ಟರೆ ನಾಲ್ಕೂ ದಿಕ್ಕು ನೋಡುತ್ತಾ ಬಂದು, ನನ್ನ ಬ್ಯಾಗಿನ ಪಟ್ಟಿಯನ್ನು ಗಟ್ಟಿಯಾಗಿ ಹಿಡಿದು ನಿಂತ. “ತಿಂದೈತೇನ್ರಿ? ಜಲ್ದಿ ನೋಡ್ರಿ.”

ಕೆದಕಿದೆ. ಉದ್ದನೆಯ, ಕಪ್ಪಗೆ ಮಿರಮಿರ ಮಿಂಚುವ ಬೀಜಗಳು. ಎಲ್ಲಾ ಸೀತಾಫಲದ್ದೇ. ಜಾನೆಯ ಬೀಜ ಹುಡುಕಿದರೂ ಇಲ್ಲ. ಪಕ್ಕದಲ್ಲೇ ನಮ್ಮ ಗಿಡದ ಹಣ್ಣು ಒಂದೂ ಉದುರದೆ ನಿಂತಿತ್ತು. ಊಟ ಕೆಳಗುಡ್ಡದಲ್ಲಿ ಮುಗಿಸಿ, ಹೇಲಲಿಕ್ಕೆ ಮಾತ್ರ ನಮ್ಮಲ್ಲಿಗೆ ಬಂದಿತ್ತು ಆ ಪ್ರಾಣಿ. ನಾನು ಗೊಳ್ಳನೆ ನಕ್ಕುಬಿಟ್ಟೆ. ಆಮೇಲೆ ಅಣ್ಣನ ಮುಖ ನೋಡಿದೆ, ನಗು ಅಲ್ಲೇ ಒಣಗಿತು.

“ದಿನಾ ಆಕಿ ಇರೋ ಜಾಗಕ್ಕ ಹೋಗಾಕತ್ತೈತ್ರಿ ಅದು” ಅಂದ.

ಜೀಪು ಆವತ್ತು ಸಾಹೇಬರ ಆಫೀಸಿಗೆ ಹೋಗಲಿಲ್ಲ, ನೇರ ಹಂಪಿ ಬಜಾರಿಗೆ ಹೋಯಿತು. ಅಕ್ಕ ಕಲ್ಲುಮಂಟಪದ ನೆರಳಲ್ಲಿ ಸೀತಾಫಲದ ಗುಡ್ಡೆ ಹಾಕಿಕೊಂಡು, ಒಬ್ಬ ಫಾರಿನ್ನಿನವನಿಗೆ ಬೀಜ ನುಂಗಬಾರದು, ಉಗುಳಬೇಕು ಅಂತ ಉಗುಳಿ ತೋರಿಸುತ್ತಿದ್ದಳು.

“ನಾಳಿಂದ ಗುಡ್ಡಕ್ಕ ಹೋಗಬ್ಯಾಡ” ಅಂದ ಅಣ್ಣ. ಹಿಕ್ಕೆಯ ಕಥೆಯನ್ನೆಲ್ಲಾ ಒದರಿದ.

ಅಕ್ಕ ನನ್ನನ್ನು ಮೇಲಿಂದ ಕೆಳಗೆ ನೋಡಿದಳು. “ಹೇಲು ನೋಡಿ ಭವಿಷ್ಯ ಹೇಳ್ತೀರೇನ್ರಿ ಮೇಡಮ್ಮಾರ?”

“ಹೂನ್ರಿ ಅಕ್ಕ, ನನ್ನ ಕೆಲಸ ಅದ” ಅಂದೆ. “ಆದ್ರ ಖರೇನ ಐತಿ. ಸ್ವಲ್ಪ ದಿನ ಬಿಡ್ರಿ.”

“ಸ್ವಲ್ಪ ದಿನ ಬಿಟ್ರ ಹಣ್ಣು ನನ್ನ ದಾರಿ ಕಾಯ್ತದೇನು? ಕರಡಿ ಬರೋದು ನನಗ ಗೊತ್ತಿಲ್ಲೇನ್ರಿ? ಅದರ ಹೆಜ್ಜಿ ದಾಟೇ ನಾ ಹೋಗೋದು.” ಆಮೇಲೆ ಗಂಡನ ಕಡೆ ತಿರುಗಿದಳು. “ಅಷ್ಟು ಜೀವ ಹೊಡ್ಕೊಂತಿದ್ರ ನೀನೂ ಬಾ. ಜೀಪಿನ್ಯಾಗ ಕುಂತು ಹೇಳಬ್ಯಾಡ.”

ಅಣ್ಣ ಹೋಗಿ ಜೀಪಿನ ಸ್ಟೀರಿಂಗ್ ಹಿಡಿದು ಕೂತ. ದಾರಿಯುದ್ದಕ್ಕೂ ನಾನು ಒಂದೂ ತಮಾಷೆ ಮಾಡಲಿಲ್ಲ, ನನ್ನ ಪಾಲಿಗೆ ಅದು ದೊಡ್ಡ ಶಿಕ್ಷೆ. ಅಕ್ಕನಿಗೇನಾದರೂ ಆದರೆ ಅನ್ನುವ ಭಯ ನನಗೂ ಹತ್ತಿಕೊಂಡಿತ್ತು.

ಮರುದಿನ ಬೆಳಿಗ್ಗೆ ಜೀಪು ಬರಲೇ ಇಲ್ಲ. ಫೋನು ಹೊಡೆದರೆ ಎತ್ತುವವರಿಲ್ಲ. ಬಾಯಿಗೆ ಬಂದಂತೆ ಬೈಯುತ್ತಾ ಆಟೋ ಹಿಡಿದು ಅವರ ಊರಿಗೆ ಹೋದೆ. ಊರಾಚೆ, ಗುಡ್ಡದ ಬುಡದಲ್ಲಿ ನಮ್ಮ ಜೀಪು ನಿಂತಿತ್ತು. ಒಳಗೆ ಯಾರೂ ಇರಲಿಲ್ಲ.

ಅಷ್ಟರಲ್ಲಿ ಮೇಲೆ, ಸೀತಾಫಲದ ಗಿಡಗಳೊಳಗೆ, ಗಂಗಾಳ ಬಡಿಯುವ ಸದ್ದು ಶುರುವಾಯಿತು. ಢಣ ಢಣ ಢಣ. ಅದರ ಹಿಂದೆಯೇ ಅಕ್ಕನ ದನಿ: “ಮೆತ್ತಗ ಬಡಿಯೋ ಮಾರಾಯಾ, ಉಣ್ಣೋ ಗಂಗಾಳ ಅದು!”

ಅಣ್ಣ ಮೆತ್ತಗೆ ಬಡಿಯಲಿಲ್ಲ. ಕರಡಿಯ ಅಪ್ಪ, ಅಜ್ಜ, ಮುತ್ತಜ್ಜನನ್ನೆಲ್ಲಾ ಕರೆದು ಬೈಯುತ್ತಿದ್ದ. ದನಿ ಗಡಗಡ ನಡುಗುತ್ತಿತ್ತು, ಅಳುತ್ತಿದ್ದನೋ ಏನೋ, ನನಗಂತೂ ಅಳು ಬಂತು. ಹೆಂಡತಿ ಮುಂದೆ ಮುಂದೆ ಹೋದ ಹಾಗೆ ಆ ದನಿಯೂ ಒಂದೊಂದೇ ಬಂಡೆ ಹತ್ತಿ ಮೇಲಕ್ಕೆ ಹೋಗುತ್ತಿತ್ತು.

“ಬಾರಲೇ ಮಗನ! ನಾ ಇಲ್ಲಿ ಅದೀನಿ, ಇಲ್ಲಿ! ಮೊದಲ ನನ್ನ ಕಡಿ ಬಾ!”