ಧನಸ್ಥಾನದಲ್ಲಿ ಗುರುಚಂದ್ರ

ನಾನು ನಾಗಮಂಗಲದ ಹೈಸ್ಕೂಲೊಂದರಲ್ಲಿ ಕನ್ನಡ ಮೇಷ್ಟ್ರು, ಮನೆ ಶ್ರೀರಂಗಪಟ್ಟಣದಲ್ಲಿ. ಅಪ್ಪನಿಂದ ದೇವಸ್ಥಾನದ ಪೂಜೆ ಅಣ್ಣನಿಗೆ ಬಂತು, ಜ್ಯೋತಿಷ ನನಗೆ. ಭಾನುವಾರ ಬೆಳಿಗ್ಗೆ ಜಗಲಿಯಲ್ಲಿ ಕೂತು ಜಾತಕ ನೋಡುತ್ತಿದ್ದೆ. ಕಾಸು ಕೇಳುತ್ತಿರಲಿಲ್ಲ, ಕೊಟ್ಟರೆ ಬೇಡ ಅನ್ನುತ್ತಲೂ ಇರಲಿಲ್ಲ.

ಮೂರು ವರ್ಷದ ಹಿಂದೆ ಪರೀಕ್ಷೆ ಡ್ಯೂಟಿಗೆಂದು ಒಂದು ವಾರ ಬೆಳ್ಳೂರು ಕ್ರಾಸಿಗೆ ಹೋಗಿದ್ದೆ. ದಿನಾ ತಿಂಡಿಗೆ ಹೋಗುತ್ತಿದ್ದ ಹೋಟೆಲಿನ ಮಾಲೀಕ, ಮೂವತ್ತು ದಾಟಿದ ಆಳು, ನಾನು ಜಾತಕ ನೋಡುತ್ತೇನೆಂದು ತಿಳಿದು ತನ್ನದನ್ನು ತಂದು ಮುಂದಿಟ್ಟ. ಮಿಥುನ ಲಗ್ನ. ಎರಡನೇ ಮನೆ ಕರ್ಕಾಟಕ, ಅದೇ ಧನಸ್ಥಾನ. ಅಲ್ಲಿ ಚಂದ್ರ ತನ್ನ ಸ್ವಂತ ಮನೆಯಲ್ಲೇ ಇದ್ದಾನೆ, ಪಕ್ಕದಲ್ಲಿ ಉಚ್ಚನಾದ ಗುರು. ಆ ಲಗ್ನಕ್ಕೆ ಕಸುಬಿನ ಮನೆಯ ಒಡೆಯನೂ ಗುರುವೇ. ಕಸುಬಿನ ಒಡೆಯ ಹಣದ ಒಡೆಯನ ಜೊತೆ ಹೀಗೆ ಕೂತದ್ದನ್ನು ನಾನು ಅಪ್ಪನ ಹಳೇ ಜಾತಕದ ಕಟ್ಟುಗಳಲ್ಲೂ ಕಂಡಿರಲಿಲ್ಲ.

“ಇನ್ನೊಂದು ಹೋಟ್ಲು ಮಾಡಿ. ಆಸ್ತಿ ನಿಮ್ಮ ಕೈಯಲ್ಲಿದ್ದರೆ ಬೆಳೆಯುತ್ತೆ, ಬೇರೆಯವರ ಕೈಯಲ್ಲಿದ್ದರೆ ಹಾಗೇ ಬಿದ್ದಿರುತ್ತೆ” ಅಂದೆ.

ಆ ಕೊನೆಯ ಮಾತು ಯಾವ ಶಾಸ್ತ್ರದಲ್ಲೂ ಇಲ್ಲ. ಹೇಳುವ ಹುರುಪಿನಲ್ಲಿ ಬಾಯಿಗೆ ಬಂತು, ಹೇಳಿಬಿಟ್ಟೆ.

ವರ್ಷ ತುಂಬುವುದರೊಳಗೆ ಕೆ.ಆರ್. ಪೇಟೆಯಲ್ಲಿ ಅವನ ಎರಡನೇ ಹೋಟೆಲು ಶುರುವಾಯಿತು. ಬಂದವರಿಗೆಲ್ಲ ನನ್ನ ಹೆಸರು ಹೇಳಿದ. ನಮ್ಮ ಬೀದಿಗೆ ಕಾರುಗಳು ಬರತೊಡಗಿದವು. ನಾನೂ ಒಳಗೊಳಗೇ ಬೀಗಿದೆ.

ಹೋದ ವರ್ಷ ಒಂದು ಭಾನುವಾರ, ಪಾಂಡವಪುರದ ಬಸ್ಸಿಳಿದು ಒಬ್ಬ ಹೆಂಗಸು ಬಂದಳು. ಚಿನಕುರಳಿ ಹತ್ತಿರ ಕಲ್ಲುಕೋರೆಯಲ್ಲಿ ಕೂಲಿ. ಬೆರಳ ಗೆಣ್ಣುಗಳು ಒಡೆದು ಬಿರುಕಿನಲ್ಲಿ ಬಿಳಿ ಪುಡಿ ಕೂತಿತ್ತು. ಮೇಲೆ ಕೂರಮ್ಮ ಅಂದರೂ ಮೆಟ್ಟಿಲ ಮೇಲೇ ಕೂತಳು.

“ಜಾತಕ ತಂದಿದ್ದೀಯಾಮ್ಮ?”

“ನಂಗ್ಯಾರ್ ಬರ್ಸವ್ರೆ ಸ್ವಾಮಿ? ಆಸ್ಪತ್ರೆ ಚೀಟಿ ಐತೆ, ಹುಟ್ಟಿದ ಟೇಮು ಅದ್ರಲ್ಲೈತೆ.”

ಲೆಕ್ಕ ಹಾಕಿ ಮನೆ ಎಳೆದೆ. ಮಿಥುನ ಲಗ್ನ. ಎರಡರಲ್ಲಿ ಚಂದ್ರ ಬರೆದೆ. ಗುರು ಬರೆಯುವಾಗ ಪೆನ್ಸಿಲ್ಲು ನಿಂತಿತು. ಇದೇ ಕುಂಡಲಿಯನ್ನು ನಾನು ಮೊದಲೊಮ್ಮೆ ನೋಡಿದ್ದೆ.

ಅವಳು ನನ್ನ ಮುಖವನ್ನೇ ನೋಡುತ್ತಿದ್ದಳು. “ಬೆಳ್ಳೂರ್ ಕ್ರಾಸಿನ ಓಟ್ಲವ್ನು ನನ್ ತಮ್ಮ ಸ್ವಾಮಿ. ಅವಳಿ ನಾವು. ನಾನು ಒಂದ್ ಚಣ ಮುಂಚೆ ಬಂದೋಳು.”

ಆಮೇಲೆ ಉಳಿದದ್ದನ್ನು ಹೇಳಿದಳು. ಶೀಳನೆರೆ ಹತ್ತಿರ ಅಪ್ಪನದು ನಾಲ್ಕು ಎಕರೆ ಜಮೀನು, ಇಬ್ಬರಿಗೂ ಸೇರಿದ್ದು. “‘ನನ್ ಕೈಲಿದ್ರೆ ಬೆಳೀತದೆ, ನಿನ್ ಕೈಲಿದ್ರೆ ಅಂಗೇ ಬಿದ್ದಿರ್ತದೆ, ಮೇಷ್ಟ್ರೇ ಏಳವ್ರೆ, ನಿಂಗೆ ಯೋಗ ಇಲ್ಲ’ ಅಂದ. ತಿಳ್ದೋರ ಮಾತು ಅಂತ ಪಾಲು ಬುಟ್ಕೊಟ್ಟು ಪತ್ರಕ್ಕೆ ಸೈನ್ ಆಕ್ಬುಟ್ಟೆ. ಈಗ ನಮ್ಮೆಜಮಾನ್ರು ಸೊಂಟ ಮುರ್ಕಂಡು ಮಲಗವ್ರೆ. ನಿಜ್ವಾಗ್ಲೂ ನಂಗೇನೂ ಇಲ್ವಾ, ಕೇಳ್ಕಂಡೋಗಾವ ಅಂತ ಬಂದೆ.”

ಕೊನೆಯದೊಂದು ಬಿಟ್ಟರೆ ನನ್ನದೇ ಮಾತು. ಹೆಂಡತಿ ಕಾಫಿ ತಂದಿಟ್ಟು ಏನೋ ಕೇಳಿದಳು, ತಿಳಿಯಲಿಲ್ಲ.

ಹೇಳಲು ನಾಚಿಕೆಯಾಗುತ್ತದೆ, ಆಗ ನಾನು ಮೊದಲು ಹುಡುಕಿದ್ದು ನನಗೆ ತಪ್ಪಿಸಿಕೊಳ್ಳುವ ದಾರಿಯನ್ನು. ನಿಮಿಷಗಳ ವ್ಯತ್ಯಾಸದಲ್ಲಿ ಏನಾದರೂ ಸಿಗಬಹುದೆಂದು, ರಾಶಿಯನ್ನು ಒಂಬತ್ತು ಪಾಲು ಮಾಡಿ ನೋಡುವ ನವಾಂಶ ಬರೆದೆ, ಅದೂ ಒಂದೇ. ಮತ್ತೆ ಲೆಕ್ಕ ಹಾಕಿದೆ. ಮೂರನೇ ಸಲವೂ ಒಂದೇ.

“ಇದೆಯಮ್ಮ. ನಿಮ್ಮ ತಮ್ಮನಿಗೆ ಎಷ್ಟಿದೆಯೋ ನಿಮಗೂ ಅಷ್ಟೇ ಇದೆ” ಅಂದೆ. ನೀನು ಅನ್ನುತ್ತಿದ್ದವನಿಗೆ ಅದೇಕೋ ನೀವು ಅಂತ ಬಂತು.

ಅವಳು ಅಳಲಿಲ್ಲ. “ಅಂಗಾದ್ರೆ ಅದೆಲ್ಲೋಯ್ತು?” ಅಂತ ಕೇಳಿದಳು.

ಮಾರನೇ ದಿನ ರಜೆ ಹಾಕಿ ಬೆಳ್ಳೂರು ಕ್ರಾಸಿಗೆ ಹೋದೆ. “ಬನ್ನಿ ಮೇಷ್ಟ್ರೇ, ಬಿಸಿ ದೋಸೆ ಹಾಕ್ಸಲಾ?” ಅಂದ. ಕುಂಡಲಿ ಬರೆದ ಹಾಳೆಯನ್ನು ಗಲ್ಲಾ ಮೇಲೆ ಇಟ್ಟೆ.

“ಇದು ನಂದೇ ಅಲ್ವಾ?”

“ನಿಮ್ಮಕ್ಕಂದು.”

ಅವನು ಹಾಳೆ ಎತ್ತಿ ಮತ್ತೊಮ್ಮೆ ನೋಡಿದ. “ಎಣ್ಮಕ್ಳ ಜಾತಕಕ್ಕೆ ಲೆಕ್ಕ ಬ್ಯಾರೆ ಅಲ್ವಾ?” ಅಂದ. ಅಲ್ಲ ಅಂದೆ. ಆಗ ಸಿಟ್ಟು ಬಂತು ಅವನಿಗೆ. “ಮತ್ತೆ ನೀವೇ ಅಂದಿದ್ರಲ್ಲ ಮೇಷ್ಟ್ರೇ! ನಿಮ್ ಮಾತ್ ನಂಬ್ಕಂಡು ಎಲ್ಲ ಮಾಡಿದ್ದು!”

“ಅಂದದ್ದು ನಿಜ. ನಾನು ಹಾಗನ್ನಬಾರದಿತ್ತು, ತಪ್ಪಾಯಿತು” ಅಂದೆ. ತಿಂಡಿ ತಿನ್ನುತ್ತಿದ್ದವರು ತಿರುಗಿ ನೋಡಿದರು.

ಒಳಗಿಂದ ಅವನ ಹೆಂಡತಿ ಬಂದು ನಿಂತಿದ್ದಳು. “ಅತ್ಗೆವ್ರೇ ಜಮೀನ್ ಬ್ಯಾಡ ಅಂತ ಬುಟ್ಕೊಟ್ರು ಅಂತಿದ್ರಲ್ಲ ನೀವು?” ಅಂದಳು ಗಂಡನಿಗೆ. ಅವನು ಗಲ್ಲಾದ ಚಿಲ್ಲರೆ ಎಣಿಸತೊಡಗಿದ. ಅವಳು ಕೈಲಿದ್ದ ತಟ್ಟೆಯನ್ನು ಅಲ್ಲೇ ಇಟ್ಟು ಒಳಗೆ ಹೋದಳು.

ನಾಲ್ಕರಲ್ಲಿ ಎರಡು ಎಕರೆ ಆಗಲೇ ಮಾರಿಹೋಗಿತ್ತು, ಕೆ.ಆರ್. ಪೇಟೆ ಹೋಟೆಲಿಗೆಂದು. ಉಳಿದ ಎರಡಕ್ಕೆ ಆರು ತಿಂಗಳು ಮಾತುಕತೆ ನಡೆಯಿತು. ಅವನ ಹೆಂಡತಿ ಪಟ್ಟು ಬಿಡಲಿಲ್ಲವಂತೆ. ಕೊನೆಗೆ ಒಂದೂವರೆ ಎಕರೆ ಅಕ್ಕನ ಹೆಸರಿಗೆ ಮಾಡಿಕೊಡಲು ಒಪ್ಪಿದ. ನ್ಯಾಯವಾಗಿ ಎರಡೂ ಅವಳಿಗೇ ಬರಬೇಕಿತ್ತು. ನಾನು ಹಾಗೇ ಅಂದಾಗ, “ಬುಡಿ ಸ್ವಾಮಿ, ಬಂದಷ್ಟ್ ಬರ್ಲಿ” ಅಂದಳು.

ಆ ಭಾನುವಾರದಿಂದ ನಾನು ಹಣದ ವಿಷಯಕ್ಕೆ ಜಾತಕ ಬಿಚ್ಚಿಲ್ಲ. ಅಣ್ಣ, “ಹಾಗಾದರೆ ಶಾಸ್ತ್ರ ಸುಳ್ಳೇನೋ?” ಅಂತ ರೇಗಿದ. ಶಾಸ್ತ್ರದ ಮಾತು ನನಗೆ ಗೊತ್ತಿಲ್ಲ, ನನ್ನ ಬಾಯಿಯದು ಗೊತ್ತು ಅಂದೆ.

ರಿಜಿಸ್ಟ್ರೇಷನ್ನಿಗೆ ಸಾಕ್ಷಿಯಾಗಿ ನಾನೂ ಕೆ.ಆರ್. ಪೇಟೆಗೆ ಹೋದೆ. ಕಚೇರಿಯ ಮುಂದಿನ ಬೆಂಚಿನಲ್ಲಿ ಅಕ್ಕ ಒಂದು ತುದಿಗೆ, ತಮ್ಮ ಇನ್ನೊಂದು ತುದಿಗೆ. ಕರೆಯುವುದು ತಡವಾಯಿತು. ನಡುವೆ ಅವನು ಎದ್ದು ಹೋಗಿ ಮೂರು ಟೀ ತಂದ. ಅವಳು ಲೋಟ ತೆಗೆದುಕೊಂಡು, “ಸಕ್ಕರೆ ಜಾಸ್ತಿ ಆಗೈತೆ ಕಣ್ಲಾ” ಅಂದಳು.