ನಾನು ನೆಟ್ಟಗೆ ಮಾಡಿದ ಹಲಗೆ

ಹೋದ ವಾರ ನಮ್ಮ ಯಜಮಾನ್ರು ಅಡುಗೆಮನೆಯ ಗೋಡೆಗೆ ಹಾಕಿರುವ ಉದ್ದನೆ ಹಲಗೆಯ ಮೇಲೆ ಪೆನ್ನಿಟ್ಟರು. ಪೆನ್ನು ಉರುಳಿ ಉರುಳಿ ನಟ್ಟನಡುವೆ ಬಂದು ನಿಂತಿತು. "ಇದೇನೇ, ಹಲಗೆ ಸೊಟ್ಟಗೈತೆ! ತೆಗೆದು ನೆಟ್ಟಗಿರೋದು ಹಾಕ್ಸೋಣ" ಅಂದರು. ನನಗೆ ಎಲ್ಲಿತ್ತೋ ಸಿಟ್ಟು, "ಅದನ್ನ ಮುಟ್ಟಿದ್ರೆ ನೋಡ್ರಿ ಮತ್ತೆ!" ಅಂತ ಕಿರುಚಿಬಿಟ್ಟೆ. ಪಾಪ, ಅವರದೇನು ತಪ್ಪು? ಇಪ್ಪತ್ತು ವರ್ಷದ ಹಿಂದೆ ಆ ಹಲಗೆ ನೋಡಿ ನಾನೂ ಇದನ್ನೇ ಅಂದುಕೊಂಡಿದ್ದೆ.

ಅದು ಮೊಳಕಾಲ್ಮೂರಿನ ಒಬ್ಬ ಆಚಾರ್ರು ಮಾಡಿದ್ದು. ಅಲ್ಲಿನ ರೇಷ್ಮೆ ಮಗ್ಗಗಳಿಗೆ ಮರದ ಕೆಲಸವೆಲ್ಲ ಅವರದೇ. ಅದರಲ್ಲೂ ನೂಲು ಹೊತ್ತ ಲಾಳಿ ಅತ್ತಿಂದಿತ್ತ ಓಡುವ ಆರಡಿ ಹಲಗೆ ಅವರ ಕೈಯದು ಅಂದರೆ ನೇಕಾರರು ತಿರುಗಿಸಿಯೂ ನೋಡದೆ ಮಗ್ಗಕ್ಕೆ ಕಟ್ಟುತ್ತಿದ್ದರು. ಅಂಥ ಹೆಸರು...

ನಾನಾಗ ಚಳ್ಳಕೆರೆಯಲ್ಲಿ ಕಂಪ್ಯೂಟರಿನಲ್ಲಿ ಲಗ್ನಪತ್ರಿಕೆ ಡಿಸೈನ್ ಮಾಡಿಕೊಂಡಿದ್ದವಳು. ಮರದ ಕಾರ್ಖಾನೆಯ ಸಾಹುಕಾರನೊಬ್ಬ ಹೊಸ ಮಿಷನ್ ತರಿಸಿದ. ಕಂಪ್ಯೂಟರಿನಲ್ಲಿ ಗೆರೆ ಎಳೆದರೆ ಅದು ಮರದ ಮೇಲೆ ಹಾಗೇ ಕೆತ್ತುತ್ತಿತ್ತು. ಗೆರೆ ಎಳೆಯೋಕೆ ನನ್ನನ್ನು ಕರೆದು ಕೂರಿಸಿದ. ಮರದ ವಿಷಯ ನನಗೇನು ಗೊತ್ತಿತ್ತು, ಮಣ್ಣು!

ಆಚಾರ್ರಿಗೆ ಭುಜದ ನೋವು, ಉಳಿ ಹಿಡಿಯೋದೇ ಕಷ್ಟವಾಗಿತ್ತು. ಬಸ್ಸಿನ ಮೇಲೆ ಮಾದರಿ ಹಲಗೆ ಹಾಕಿಕೊಂಡು ಒಂದು ದಿನ ಬಂದರು. ಮಿಷನ್ ಕಂಡರೆ ಮೂಗು ಮುರೀತಾರೆ ಅಂದುಕೊಂಡಿದ್ದೆ. ಎಲ್ಲಿ! ಒಂದು ಗಂಟೆ ನಿಂತೇ ನೋಡಿದರು. "ಅಮ್ಮಾಯಿ, ಇದಕ್ಕೆ ಭುಜಾನೇ ನೋಯಲ್ವಲ್ಲೇ!" ಅಂತ ಬಾಯ್ತುಂಬ ನಕ್ಕರು. ಊರಿಗೆ ಹೋಗಿ ನೇಕಾರರಿಗೆ, "ನನ್ನ ಕೈಗಿಂತ ಚಂದ ಮಾಡ್ತೈತೆ, ನಾನು ಹೊಣೆ" ಅಂದರಂತೆ. ಅವರ ಮಾತಿನ ಮೇಲೆ ಇಪ್ಪತ್ತು ಮನೆಯವರು ಹಲಗೆ ಬೇಕು ಅಂದರು. ನನಗೆ ಅವರು ಹೇಳಿದ್ದು ಒಂದೇ ಮಾತು: "ಇದ್ದಂಗೇ ಮಾಡು."

ಇದ್ದ ಹಾಗೇ ಮಾಡಿದೆನಾ? ಅಳತೆ ತೆಗೆದರೆ ಹಲಗೆ ನಡುವೆ ಕಾಲಂಗುಲ ತಗ್ಗಿತ್ತು. ಹಳೇ ಮರ, ಬಿಸಿಲಿಗೆ ಬಾಗಿದೆ ಅಂದುಕೊಂಡೆ. ಲಗ್ನಪತ್ರಿಕೆಯಲ್ಲಿ ಗೆರೆ ಸೊಟ್ಟ ಬಂದರೆ ಸರಿ ಮಾಡುತ್ತಿದ್ದೆನಲ್ಲ, ಹಾಗೇ ನೆಟ್ಟಗೆ ಎಳೆದುಬಿಟ್ಟೆ. ಯಾರನ್ನೂ ಒಂದು ಮಾತು ಕೇಳಲಿಲ್ಲ. ನನ್ನ ತಲೆಯೆಲ್ಲ ಬೇರೆ ಕಡೆ ಇತ್ತು. ಮಿಷನ್ನಿನ ಮೇಜು ನಾಲ್ಕಡಿ, ಹಲಗೆ ಆರಡಿ. ಅರ್ಧ ಕೆತ್ತಿ, ಹಲಗೆ ಸರಿಸಿ, ಉಳಿದರ್ಧ ಕೆತ್ತಬೇಕು. ಮುಂದಿನ ಅಂಚು ಉರುಟಾಗಿ ಇಳಿಯುವ ಕಡೆ, ರೇಷ್ಮೆ ಎಳೆ ತೊಡರದ ಹಾಗೆ, ಎರಡೂ ಕೆತ್ತನೆ ಕೂದಲೆಳೆಯಷ್ಟೂ ತಪ್ಪದೆ ಕೂಡಬೇಕು. ಕೂಡಿಸಿದೆ. ಅದಕ್ಕೇ ಬೀಗಿದ್ದು ನಾನು.

ಆಚಾರ್ರಿಗೂ ಅದರದ್ದೇ ಅನುಮಾನ. ಹಲಗೆ ನೋಡಲು ಬಂದವರು ಜೇಬಿನಿಂದ ರೇಷ್ಮೆಯ ಒಂದೆಳೆ ತೆಗೆದು, ಕೂಡಿದ ಜಾಗದ ಮೇಲೆ ಮೆಲ್ಲಗೆ ಎಳೆದರು. ಎಲ್ಲೂ ತೊಡರಲಿಲ್ಲ. "ಶಭಾಷ್!" ಅಂದರು. ನಡುವಿನ ತಗ್ಗು ನೋಡಲೇ ಇಲ್ಲ. ಅದನ್ನು ಯಾರಾದರೂ ತೆಗೆದುಹಾಕುತ್ತಾರೆ ಅಂತ ಅವರಿಗೆ ಕನಸಾದರೂ ಬೀಳಬೇಕಲ್ಲ...

ಆ ತಗ್ಗೇ ಲಾಳಿಯನ್ನು ದಾರಿಯಲ್ಲಿ ಹಿಡಿದಿಡುವುದು ಅಂತ ನನಗೆ ಗೊತ್ತಾಗಿದ್ದು ಆಮೇಲೆ. ನನ್ನ ನೆಟ್ಟನೆ ಹಲಗೆಯ ಮೇಲೆ ಲಾಳಿ ಚಿಮ್ಮಿ ಚಿಮ್ಮಿ ಆಚೆ ಬಿತ್ತು. ಒಂದು ಮನೆಯಲ್ಲಿ ಅದರ ಕಬ್ಬಿಣದ ಮೂತಿ ನೇಯುತ್ತಿದ್ದ ಹೆಣ್ಮಗಳ ಹುಬ್ಬು ಸೀಳಿತು. ಕಣ್ಣು ಉಳಿದದ್ದೇ ಪುಣ್ಯ. ನೇಕಾರರು ಇಪ್ಪತ್ತೂ ಹಲಗೆ ತಂದು ಆಚಾರ್ರ ಬಾಗಿಲಿಗೆ ಬಿಸಾಕಿದರು. "ಮಾದರಿ ಕೊಟ್ಟೋನು ಆ ಮುದುಕ. ನೀನು ಬಾಯಿ ಮುಚ್ಕೊಂಡಿರು" ಅಂದ ನಮ್ಮ ಸಾಹುಕಾರ. ಥೂ, ಅವನ ಮುಖಕ್ಕಿಷ್ಟು!

ಮಾರನೇ ದಿನ ಬಸ್ಸು ಹತ್ತಿ ಹೋದೆ. ಆಚಾರ್ರು ಜಗುಲಿ ಮೇಲೆ ಕೂತಿದ್ದರು. ತಪ್ಪು ನಂದು, ಎಲ್ಲರಿಗೂ ಹೇಳಿಬಿಡ್ರಿ ಅಂದೆ.

"ಹೇಳಾಯ್ತಮ್ಮಾಯಿ. ನನ್ನ ಕಣ್ಣು ಮಂಜಾಗ್ಯಾವೆ, ನಾನೇ ಅಳತೆ ತಪ್ಪಿ ಕೊಟ್ಟೆ ಅಂದಿದೀನಿ. ಹೊಣೆ ಅಂತ ನಿಂತೋನು ನಾನು. ನೀನು ಹೋಗು, ಬಸ್ಸು ಹೊರಡ್ತೈತೆ."

ಯಾರು ಕೇಳಿದ್ದರು ಈ ದೊಡ್ಡತನ? ನನ್ನ ಜುಟ್ಟು ಹಿಡಿದು ಬೀದಿಯಲ್ಲಿ ನಿಲ್ಲಿಸಿ ಬೈಯಬೇಕಿತ್ತು. ಕಣ್ಣು ಹೋಯಿತು ಅಂತ ತಾನೇ ಹೇಳಿಕೊಂಡ ಆಚಾರಿಗೆ ಯಾರು ಕೆಲಸ ಕೊಡುತ್ತಾರೆ? ಈಗಲೂ ಅವರ ಮೇಲೆ ನನಗೆ ಕೆಟ್ಟ ಸಿಟ್ಟಿದೆ. ನನ್ನ ಮೇಲೆ ಅದರ ನೂರರಷ್ಟು. ಯಾಕೆಂದರೆ ನಾನು ಸುಮ್ಮನೆ ಬಸ್ಸು ಹತ್ತಿದೆ. ಈಗ ಅಡುಗೆಮನೆಯಲ್ಲಿರುವ ಆ ಮಾದರಿ ಹಲಗೆ ನನ್ನ ಹತ್ತಿರವೇ ಉಳಿಯಿತು, ಅವರೂ ಕೇಳಲಿಲ್ಲ. ಎರಡು ವರ್ಷಕ್ಕೆ ತೀರಿಕೊಂಡರು ಅಂತ ಯಾರೋ ಹೇಳಿದರು...

ಪೆನ್ನು ಉರುಳಿದ ಮೇಲೆ ನನಗೆ ತಡೆಯಲಾಗಲಿಲ್ಲ. ನಿನ್ನೆ ಮೊಳಕಾಲ್ಮೂರಿಗೆ ಹೋಗಿ ಆ ಹೆಣ್ಮಗಳ ಮನೆ ಹುಡುಕಿದೆ. ಹುಬ್ಬಿನ ಮೇಲೆ ಬಿಳೀ ಗಾಯದ ಗುರುತು ಹಾಗೇ ಇದೆ. ಒಂದೂ ಬಿಡದೆ ಎಲ್ಲ ಹೇಳಿದೆ. ಅವಳು ಮಗ್ಗ ನಿಲ್ಲಿಸಿ ಕೇಳಿದಳು.

"ಸಾಯೋ ತನಕ ಈ ಬಾಗಿಲಿಗೆ ಬರ್ತಿದ್ದ ಆ ಮನುಷ್ಯ" ಅಂದಳು. "ಒಂದೇ ಒಂದು ಹಲಗೆ ಮಾಡ್ಕೊಡ್ತೀನವ್ವಾ, ನೋಡು ಅಂತ ಕೈ ಮುಗೀತಿದ್ದ. ನಾವು ಬ್ಯಾಡ ಹೋಗಜ್ಜ ಅಂತ ಕಳಿಸ್ತಿದ್ವಿ. ಇದನ್ನ ಆಗ್ಲೇ ಬಂದು ಹೇಳೋಕೆ ನಿನಗೇನಾಗಿತ್ತು ಧಾಡಿ?"

ನನಗೇನೂ ಆಗಿರಲಿಲ್ಲ. ಬಸ್ಸು ಹೊರಡುತ್ತಿತ್ತು, ಅಷ್ಟೇ.