ಭಾನುವಾರದ ಮೊದಲ ಹೆಜ್ಜೆ

ನಾನಿಲ್ಲದಾಗ ನನ್ನ ಮಗಳು ಹೊಸದೇನನ್ನೂ ಕಲಿಯುವುದಿಲ್ಲ ಎಂದು ಮೂರು ವರ್ಷಕ್ಕಿಂತ ಹೆಚ್ಚು ಕಾಲ ನಂಬಿದ್ದೆ. ನಂಬಿ ಸುಮ್ಮನಿದ್ದರೂ ಆಗುತ್ತಿತ್ತು, ಊರಿಗೆಲ್ಲ ಹೇಳಿಕೊಂಡೂ ತಿರುಗಿದ್ದೆ.

ನನಗೆ ಮಣಿಪಾಲದ ಒಂದು ಲ್ಯಾಬಿನಲ್ಲಿ ಕೆಲಸ. ಗಂಡ ಕಾರ್ಕಳದ ಹತ್ತಿರ ಕಲ್ಲಿನ ಕ್ವಾರಿಯಲ್ಲಿ ಸೂಪರ್‌ವೈಸರ್. ಇಬ್ಬರಿಗೂ ನಡುವೆ ಬೀಳುತ್ತದೆ ಎಂದು ಹಿರಿಯಡ್ಕದಲ್ಲಿ ಬಾಡಿಗೆ ಮನೆ ಹಿಡಿದೆವು. ಹೆರಿಗೆ ರಜೆ ಮುಗಿದದ್ದೇ ಮಗಳು ವಾರವಿಡೀ ಕಾಪುವಿನಲ್ಲಿ, ನನ್ನ ಅಮ್ಮನ ಹತ್ತಿರ. ಶನಿವಾರ ಸಂಜೆ ಉಡುಪಿಯಲ್ಲಿ ಬಸ್ಸು ಬದಲಿಸಿ ನಾವು ಅಲ್ಲಿಗೆ ಹೋಗುತ್ತಿದ್ದೆವು, ಸೋಮವಾರ ಬೆಳಿಗ್ಗೆ ಮಗಳು ಏಳುವ ಮೊದಲೇ ಹೊರಡುತ್ತಿದ್ದೆವು. ಗಂಡನ ಮನೆಯವರು ಬಾಗಲಕೋಟೆ ಕಡೆಯಿಂದ ಕಲ್ಲಿನ ಕೆಲಸಕ್ಕೆ ಬಂದು ಇಲ್ಲೇ ನೆಲೆ ನಿಂತವರು. ಅವನ ನಾಲಿಗೆಗೆ ನಮ್ಮ ತುಳು ಹೊರಳುವುದಿಲ್ಲ. ಹಾಗಾಗಿ ಅವನಿದ್ದಾಗ ಎಲ್ಲರ ಬಾಯಲ್ಲೂ ಕನ್ನಡವೇ.

ಮಗಳು ಮೊದಲ ಹೆಜ್ಜೆ ಇಟ್ಟದ್ದು ಒಂದು ಭಾನುವಾರ, ಅಮ್ಮನ ಮನೆಯ ಚಾವಡಿಯಲ್ಲಿ. "ಫೋನ್ ತೆಗಿ, ಫೋನ್ ತೆಗಿ, ಇವತ್ತು ಮಗು ನಡೀತದೆ ಕಾಣ್ತದೆ" ಎಂದು ಅಮ್ಮನೇ ಕೂಗಿದ್ದಳು. ಆ ವಿಡಿಯೋದಲ್ಲಿ ಮಗಳ ಗೆಜ್ಜೆಯ ಸದ್ದಿಗಿಂತ ನನ್ನ ಅಳುವೇ ಜೋರು. "ಅಮ್ಮ" ಎಂದದ್ದೂ ಭಾನುವಾರ. ಮೆಟ್ಟಿಲು ಇಳಿದದ್ದು, ಚಮಚ ಹಿಡಿದು ಗಂಜಿ ಉಂಡದ್ದು, ಚಡ್ಡಿ ಒದ್ದೆಯಾಗುವ ಮೊದಲೇ ಬಂದು ಹೇಳಿದ್ದು ಎಲ್ಲ ಭಾನುವಾರವೇ. ಲ್ಯಾಬಿನಲ್ಲಿ ನನ್ನ ಪಕ್ಕ ಕೂರುವವಳು ತನ್ನ ಮಗನನ್ನು ಡೇ ಕೇರಿನಲ್ಲಿ ಬಿಟ್ಟು ಬರುತ್ತಿದ್ದಳು. ಅವನು ನಡೆದದ್ದು ಅವಳಿಗೆ ಆಯಾಳ ಬಾಯಿಂದ ತಿಳಿಯಿತು. ಸೋಮವಾರ ಸೋಮವಾರ ನಾನು ವಿಡಿಯೋ ತೋರಿಸಿದರೆ ಅವಳು, "ನಿನ್ನ ಮಗಳು ಕ್ಯಾಲೆಂಡರ್ ನೋಡಿ ಕಲಿಯುವುದಾ ಮಾರಾಯ್ತಿ?" ಎನ್ನುತ್ತಿದ್ದಳು. ಹೊಟ್ಟೆಕಿಚ್ಚು ಎಂದುಕೊಂಡೆ. ಪಾಪ ಎಂದು ಮರುಕವನ್ನೂ ಪಟ್ಟೆ.

ನನಗೆ ಈ ಭಾನುವಾರಗಳ ಮೇಲೆ ಅಷ್ಟು ನಂಬಿಕೆ ಬರಲು ಇನ್ನೊಂದು ಕಾರಣವೂ ಇತ್ತು. ಅಪ್ಪ ಮೀನಿನ ಬೋಟಿನಲ್ಲಿ ಹೋಗುತ್ತಿದ್ದವರು. ಸಮುದ್ರಕ್ಕೆ ಇಳಿದರೆ ಎಷ್ಟೋ ದಿನ ಮನೆ ಕಡೆ ಇಲ್ಲ. ಆದರೂ ನಾನು ಮೊದಲ ಹೆಜ್ಜೆ ಇಟ್ಟದ್ದು ಅವರು ಬೋಟಿನಿಂದ ಇಳಿದು ಮನೆಗೆ ಬಂದ ದಿನವೇ, ಅವರ ಲುಂಗಿ ಹಿಡಿಯಲಿಕ್ಕೆ ಎಂದು. ಮನೆಗೆ ಯಾರು ಬಂದರೂ ಅಪ್ಪ ಇದನ್ನು ಹೇಳದೆ ಚಾ ಕೊಡುತ್ತಿರಲಿಲ್ಲ. ಸಾಯುವವರೆಗೂ ಹೇಳಿದರು. ನಮ್ಮ ಮನೆಯ ಹೆಣ್ಣುಮಕ್ಕಳು ದೂರ ಹೋದವರಿಗಾಗಿ ಕಾಯುತ್ತಾರೆ ಎಂದು ನಾನು ಒಳಗೊಳಗೇ ಬೀಗಿದ್ದೆ.

ಕಳೆದ ವರ್ಷ ಮಳೆ ನಿಂತ ಮೇಲಿನ ಒಂದು ಭಾನುವಾರ. ಅಮ್ಮ ಅಂಗಳದ ನಲ್ಲಿಯ ಬಳಿ ಕುಳಿತು ಬಂಗುಡೆ ಮೀನು ಕೊಯ್ಯುತ್ತಿದ್ದಳು, ಗಂಡ ಮೆಟ್ಟಿಲ ಮೇಲೆ ಕೂತು ಚಾ ಕುಡಿಯುತ್ತಿದ್ದ. "ಮಗು ಒಂದು ಕಾಲಲ್ಲಿ ಕುಂಟಲಿಕ್ಕೆ ನೋಡ್ತಾ ಉಂಟು, ಫೋನ್ ತೆಗಿ" ಎಂದಳು ಅಮ್ಮ. ನಾನು ಓಡಿ ಬಂದು ಫೋನ್ ಹಿಡಿದೆ. ಮಗಳು ಅಂಗಳದ ನಡುವೆ ಹೋಗಿ ನಿಂತಳು, ಒಂದು ಕಾಲು ಎತ್ತಿದಳು, ಆಮೇಲೆ ಏನೋ ನೆನಪಾದವಳಂತೆ ಕಾಲು ಕೆಳಗಿಟ್ಟು ಅಮ್ಮನ ಕಡೆ ತಿರುಗಿದಳು.

"ಅಜ್ಜೀ, ಮೊದಲು ಬೀಳ್ಬೇಕಲ್ವಾ?"

ಅಮ್ಮ ಇನ್ನೊಂದು ಬಂಗುಡೆ ಕೈಗೆತ್ತಿಕೊಂಡಳು. ಗಂಡ ಚಾ ಲೋಟದೊಳಗೆ ನೋಡಿದ. ಮಗಳು ತಾನೇ ತೀರ್ಮಾನಿಸಿ ಅಚ್ಚುಕಟ್ಟಾಗಿ ಒಮ್ಮೆ ಬಿದ್ದಳು, ಎದ್ದಳು, ತುಳಸಿಕಟ್ಟೆಗೆ ಪೂರ್ತಿ ಒಂದು ಸುತ್ತು ಕುಂಟಿಕೊಂಡು ಬಂದಳು. ಆವತ್ತು ಕಲಿತವಳು ಹಾಗೆ ಸುತ್ತು ಬರಲು ಸಾಧ್ಯವೇ ಇಲ್ಲ.

"ಯಾವಾಗ ಕಲಿತದ್ದು?" ಎಂದೆ.

"ಹೋದ ವಾರ," ಎಂದಳು ಅಮ್ಮ.

"ನಡೆದದ್ದು?"

"ಅದೊಂದು ಮಂಗಳವಾರ."

"'ಅಮ್ಮ' ಅಂದದ್ದು?"

ಅವಳು ಮೀನಿಗೆ ನೀರು ಹಾಕಿದಳು. "ನೀನು ಅಲ್ಲಿ ಕೂತು ಅಳುವುದು ಬೇಡ ಅಂತ ಮಾಡಿದ್ದು. ನಿನಗೆ ಸಂತೋಷ ಆಗಿತ್ತಲ್ಲ? ನಿನ್ನ ಅಪ್ಪನಿಗೂ ನಾನು ಹಾಗೇ ಮಾಡಿದ್ದು. ಎರಡು ದಿನ ನಿನ್ನನ್ನು ಸೊಂಟದಿಂದ ಕೆಳಗೆ ಇಳಿಸಲಿಲ್ಲ. ಅವರು ಬಂದ ಮೇಲೆ ಬಿಟ್ಟೆ."

ಅಪ್ಪನನ್ನೂ ಬಿಡಲಿಲ್ಲ. ಸತ್ತವರ ಕೈಯಲ್ಲಿ ಉಳಿದಿದ್ದ ಒಂದೇ ಒಂದು ಕಥೆಯನ್ನು ಮೀನಿನ ಕರುಳಿನ ಜೊತೆ ತೆಗೆದು ಬೆಕ್ಕಿಗೆ ಎಸೆದಳು. ನಾನು ಗಂಡನ ಕಡೆ ತಿರುಗಿದೆ.

"ನಾ ಏನ್ ಮಾಡ್ಲಿ? ನಿಮ್ಮವ್ವ ಹೇಳಬ್ಯಾಡ ಅಂದ್ರು," ಎಂದ. "ನೀ ನಕ್ಕಿದ್ದು ನೋಡಿ ನನಗೂ ಖುಷಿ ಆಗಿತ್ತು."

ಅಂದರೆ ಮಗಳು ಕಲಿತ ದಿನವೇ ಅವನಿಗೆ ಅಮ್ಮನ ಫೋನ್ ಬರುತ್ತಿತ್ತು. ಹೆತ್ತವಳ ಕಿವಿಗೆ ಮಾತ್ರ ಹೂವು. ನನಗೆ ಎಷ್ಟು ಸಿಟ್ಟು ಬಂದಿತ್ತೆಂದರೆ ಬಂಗುಡೆ ಸಾರು ಮುಟ್ಟದೆ ಮಧ್ಯಾಹ್ನದ ಬಸ್ಸಿಗೇ ಹೊರಟೆ. ಬಸ್ಸಿನಲ್ಲಿ ಮೊದಲ ಹೆಜ್ಜೆಯ ವಿಡಿಯೋ ತೆಗೆದು ನೋಡಿದೆ. ಅಮ್ಮ ಕೈ ಚಾಚಿ ನಿಂತದ್ದು ಚಾವಡಿಯ ಆಚೆ ತುದಿಯಲ್ಲಿ. ಮೊದಲ ಸಲ ನಡೆಯುವ ಮಗುವಿನಿಂದ ಯಾರೂ ಅಷ್ಟು ದೂರ ನಿಲ್ಲುವುದಿಲ್ಲ. ಇಷ್ಟು ಸಲ ನೋಡಿದವಳಿಗೆ ಅದು ಕಾಣಿಸಿರಲಿಲ್ಲ. ಹಿರಿಯಡ್ಕ ತಲುಪುವ ಮೊದಲೇ ಅಮ್ಮನಿಗೆ ಫೋನ್ ಮಾಡಿ, ಇನ್ನು ಮುಂದೆ ಏನು ಕಲಿತರೂ ಅದೇ ಗಳಿಗೆಗೆ ತಿಳಿಸಬೇಕು, ನನಗೆ ಸುಳ್ಳು ಸಂತೋಷ ಬೇಡ ಎಂದೆ. "ಆಯ್ತು," ಎಂದಳು.

ಅಮ್ಮ ಮಾತಿಗೆ ತಪ್ಪಲಿಲ್ಲ. ಒಂದು ಬುಧವಾರ ನಾನು ಸ್ಯಾಂಪಲ್ಲುಗಳಿಗೆ ಚೀಟಿ ಅಂಟಿಸುತ್ತಿದ್ದಾಗ ಫೋನ್ ಬಂತು. "ಮಗು ಇವತ್ತು ಫ್ರಾಕಿನ ಗುಂಡಿ ತಾನೇ ಹಾಕಿಕೊಂಡಿತು. ನೀನು ಹೇಳು ಅಂದಿದ್ದಿ, ಹೇಳಿದೆ." ಇಟ್ಟುಬಿಟ್ಟಳು. ಪಕ್ಕದವಳು ಏನಾಯಿತು ಎಂದು ಕೇಳಿದಳು. ಮಗಳು ಗುಂಡಿ ಹಾಕಿಕೊಂಡಳಂತೆ ಎಂದೆ. ಆ "ಅಂತೆ" ಬಾಯಲ್ಲಿ ಕಹಿಯಾಗಿ ಉಳಿಯಿತು. ನಾನು ಕೇಳಿ ಪಡೆದ ನಿಜ ಅದು, ಯಾರನ್ನು ಬೈಯುವುದು?

ಶನಿವಾರ ಕಾಪುವಿಗೆ ಹೋದಾಗ ಮಗಳು ಎದುರು ಗುಂಡಿಯ ಹಳದಿ ಫ್ರಾಕು ಹಾಕಿಕೊಂಡು ಓಡಿ ಬಂದಳು. ಗುಂಡಿಯ ವಿಷಯ ಎತ್ತಲೇ ಇಲ್ಲ. ಚೀಲದಲ್ಲಿ ಚಕ್ಕುಲಿ ಉಂಟಾ ಎಂದು ಕೇಳಿದಳು.

"ನೀನೇ ಗುಂಡಿ ಹಾಕಿಕೊಳ್ತಿಯಂತೆ, ನನಗೆ ತೋರಿಸುವುದಿಲ್ಲವಾ?"

"ನಿಂಗೆ ಗೊತ್ತುಂಟಲ್ಲ, ಅಜ್ಜಿ ಹೇಳಿದ್ದಾರೆ," ಎಂದು ಚಕ್ಕುಲಿ ಕಡಿದಳು.

ತಡೆಯಲಾಗಲಿಲ್ಲ. ಅವಳನ್ನು ಹತ್ತಿರ ಎಳೆದುಕೊಂಡು ಮೇಲಿನ ಗುಂಡಿಯನ್ನು ನಾನೇ ಬಿಚ್ಚಿದೆ, ಫೋನ್ ತೆಗೆದು ಹಿಡಿದೆ. "ಈಗ ಹಾಕು ನೋಡುವ," ಎಂದೆ. ಅಡುಗೆಮನೆಯ ಬಾಗಿಲಲ್ಲಿ ಅಮ್ಮ ನಿಂತು ನೋಡುತ್ತಿದ್ದಳು.

ಮಗಳು ಚಕ್ಕುಲಿಯನ್ನು ನನ್ನ ಮಡಿಲಲ್ಲಿಟ್ಟಳು. ಎರಡೂ ಕೈಯಲ್ಲಿ ಗುಂಡಿ ಹಿಡಿದು, ನನ್ನ ಮುಖ ನೋಡಿ, ಸಹಾಯ ಮಾಡುವವಳ ದನಿಯಲ್ಲಿ ಕೇಳಿದಳು.

"ಮೊದಲು ತಪ್ಪು ಹಾಕ್ಬೇಕಾ ಅಮ್ಮ?"

ಬೇಡ ಎನ್ನಲು ನನಗೆ ಸ್ವಲ್ಪ ಹೊತ್ತು ಬೇಕಾಯಿತು.